ಆಪರೇಷನ್ ಆದರೂ ಹೃದಯದ ವಾಲ್ವ್ ಉಳಿಯುತ್ತದೆ, ಸರಿ. ಗಂಡಿನ ಕಡೆಯವರಿಗೆ ಹೇಳಬೇಕಾ?

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹೃದಯದ ಆಪರೇಷನ್ನು, ಮದುವೆ ಮಾತುಕತೆ ಒಟ್ಟಿಗೆ ಬಂದಾಗಲೆಲ್ಲ ಮೈಸೂರಿನ ನಮ್ಮ ಆಪ್ತಸಲಹೆಯ ಕೋಣೆಯಲ್ಲಿ ಇದೇ ಪ್ರಶ್ನೆ ಏಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗಿ ಮಂಡ್ಯ ಕಡೆಯವಳು. ಎತ್ತರದ ಆಳು, ಉದ್ದುದ್ದ ಬೆರಳು. ಮಾರ್ಫಾನ್ ಸಿಂಡ್ರೋಮ್, ಅಂದರೆ ಮೈಯ ಅಂಗಾಂಶ ಸಡಿಲವಾಗುವ ವಂಶವಾಹಿ ಕಾಯಿಲೆ. ಹೃದಯದಿಂದ ಹೊರಡುವ ಮಹಾಪಧಮನಿ ಬುಡದಲ್ಲೇ 5.1 ಸೆಂ.ಮೀ. ಊದಿತ್ತು. ಊದುತ್ತಾ ಹೋದರೆ ಅದು ಹರಿಯುವ ಅಪಾಯವಿದೆ, ಹಾಗಾಗಿ ಮಾರ್ಫಾನ್ ಇರುವವರಿಗೆ 5 ಸೆಂ.ಮೀ. ಮುಟ್ಟಿದರೆ ಸಾಮಾನ್ಯವಾಗಿ ಆಪರೇಷನ್ ಮಾಡಿಸಿ ಅನ್ನುತ್ತಾರೆ. ಊದಿದ ಭಾಗ ತೆಗೆದು, ಡೇಕ್ರಾನ್ ಅನ್ನುವ ಕೃತಕ ಬಟ್ಟೆಯ ಕೊಳವೆ ಹಾಕಿ, ಅದರೊಳಗೆ ಅವಳದೇ ವಾಲ್ವ್ ಕೂರಿಸಿ ಹೊಲಿಯುವುದು ಸರ್ಜನ್ ಯೋಚನೆ. ಟೊರಾಂಟೊದ ಸರ್ಜನ್ ಟಿರೋನ್ ಡೇವಿಡ್ 1992ರಲ್ಲಿ ಪ್ರಕಟಿಸಿದ ವಿಧಾನ ಇದು. ಅವಳದರ ಬದಲು ಮೆಕ್ಯಾನಿಕಲ್, ಅಂದರೆ ಕೃತಕ ವಾಲ್ವ್ ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ ನುಂಗಬೇಕು. ಒಂದು ದಿನ ಸೊಪ್ಪಿನ ಸಾರು ಜಾಸ್ತಿ, ಇನ್ನೊಂದು ದಿನ ಇಲ್ಲವೇ ಇಲ್ಲ ಅಂದರೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ) ಏರುಪೇರಾಗುತ್ತದೆ. ಬಸುರಿಯಾದಾಗ ಆ ಮಾತ್ರೆ ಮಗುವಿಗೂ ಅಪಾಯ.

ತಾಯಿ ಇದನ್ನೆಲ್ಲ ಕೇಳಿ ತಮಗೆ ಬೇಕಾದ್ದನ್ನು ಹಿಡಿದುಕೊಂಡಿದ್ದರು. "ವಾಲ್ವ್ ಉಳೀತದೆ, ಆ ಮಾತ್ರೆನೂ ಇಲ್ಲ. ಮತ್ಯಾಕೆ ಮೇಡಂ ಹೇಳ್ಬೇಕು? ಬ್ಲೌಸ್ ಕತ್ತು ಏರಿಸಿ ಹೊಲ್ಸುದ್ರೆ ಗೆರೆನೂ ಕಾಣಲ್ಲ." ಸೆರಗಿನ ಮೇಲೆ ಬೆರಳಿಟ್ಟು ಕತ್ತು ಎಲ್ಲಿಗೆ ಬರಬೇಕು ಅಂತ ತೋರಿಸಿದರು.

ಅಲ್ಲಿತನಕ ಬಾಯಿ ಬಿಡದ ಹುಡುಗಿ ಅಂದಳು: "ಮದ್ವೆಗೆ ಮುಂಚೆ ಮನೆಗೆ ಸುಣ್ಣ ಹೊಡ್ಸೋ ಹಂಗೆ ಮಾತಾಡ್ತೀಯಲ್ಲಮ್ಮ. ಕುಯ್ಯೋದು ನನ್ನೆದೆ." ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ನೋಡ್ದಾಗ ವಾಲ್ವ್ ಚೆನ್ನಾಗಿಲ್ಲ ಅಂದ್ರೆ?"

ಆ ಪ್ರಶ್ನೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ವಾಲ್ವ್ ಎಸಳು ಹಾಳಾಗಿದ್ದರೆ ಸರ್ಜನ್ ಟೇಬಲ್ ಮೇಲೇ ನಿರ್ಧಾರ ಬದಲಿಸಬೇಕಾಗುತ್ತದೆ. ಆಗ ಅವಳು ಅರಿವಳಿಕೆಯಲ್ಲಿರುತ್ತಾಳೆ. ಹಾಗಾಗಿ ಮೆಕ್ಯಾನಿಕಲ್ಲಾ, ಪ್ರಾಣಿ ಅಂಗಾಂಶದ್ದಾ ಅಂತ ಮೊದಲೇ ಕೂತು ಮಾತಾಡಿ, ಮಗುವಿನ ಆಸೆಯನ್ನೂ ಸರ್ಜನ್‌ಗೆ ಹೇಳು ಅಂದೆ. ಅಂಗಾಂಶದ್ದಕ್ಕೆ ಸಾಮಾನ್ಯವಾಗಿ ಜೀವನಪೂರ್ತಿ ವಾರ್ಫರಿನ್ ಬೇಡ. ಆದರೆ ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ, ಮತ್ತೆ ಎದೆ ತೆರೆಯಬೇಕಾಗುತ್ತದೆ.

ಹುಡುಗನಿಗೆ ಆಪರೇಷನ್‌ಗೆ ಮುಂಚೆ ನೀನೇ ಹೇಳು ಅಂತಲೂ ಅಂದೆ. ಸಂಬಂಧ ಕೆಡಿಸೋ ಮೇಡಂ ಅಂತ ನನಗೆ ಹೆಸರಿದೆ, ಇರಲಿ. ಅವಳದೇ ವಾಲ್ವ್ ಉಳಿದರೂ ಬಿಪಿ ಮಾತ್ರೆ, ಸ್ಕ್ಯಾನ್ ತಪ್ಪುವುದಿಲ್ಲ. ಬಸುರಿ ಅನ್ನುವುದನ್ನು ಹೃದಯದ ಡಾಕ್ಟರನ್ನು ಕೇಳಿಯೇ ಯೋಚಿಸಬೇಕು. ಪ್ರತಿ ಮಗುವಿಗೂ ಮಾರ್ಫಾನ್ ಬರುವ ಸಾಧ್ಯತೆ ಶೇ. 50. ಇಷ್ಟನ್ನು ಮುಚ್ಚಿಟ್ಟು ಸಂಸಾರ ಮಾಡು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಮುಚ್ಚಿಟ್ಟರೆ ಮಾತ್ರೆಯನ್ನೂ ಕದ್ದು ನುಂಗಬೇಕು. ಕದ್ದು ನುಂಗುವ ಮಾತ್ರೆ ಒಂದಲ್ಲ ಒಂದು ದಿನ ತಪ್ಪುತ್ತದೆ.

ಹುಡುಗನಿಗೆ ಹೇಳಿದಳು. ಅವರ ಮನೆಯವರು ಟೈಮ್ ಕೇಳಿದರು, ಇನ್ನೂ ಉತ್ತರವಿಲ್ಲ. ಆಪರೇಷನ್ ಆಯಿತು, ವಾಲ್ವ್ ಉಳಿಯಿತು.

ಹುಡುಗಿಯ ತಂದೆ ಆಲೆಮನೆಯಲ್ಲಿ ಕುಸಿದು ತೀರಿಹೋಗಿದ್ದರಂತೆ. ಹಾರ್ಟ್ ಅಟ್ಯಾಕ್ ಅಂದುಕೊಂಡು ಸುಮ್ಮನಾಗಿದ್ದರು. ಅವರದೂ ಮಾರ್ಫಾನ್ ಆಗಿ ಮಹಾಪಧಮನಿ ಹರಿದಿರಬಹುದು, ಹುಡುಗಿಯ ತಮ್ಮನಿಗೂ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಂದಾಗ ತಾಯಿ ಮತ್ತೆ ಮುಖ ತಿರುಗಿಸಿದರು. ಕೊನೆಗೆ ಅಕ್ಕನೇ ಅವನನ್ನು ಕರೆದುಕೊಂಡು ಹೋದಳು.