ಫಿನ್ಲೆಂಡಿನ ಚಳಿಯಲ್ಲಿ ಸಣ್ಣದೊಂದು ದಿಮ್ಮಿಮನೆಯನ್ನು ನಾವೇ ಕಟ್ಟಿಕೊಳ್ಳಬಹುದೇ?

ಬಡಗಿ ಕೆಲಸ ಅಷ್ಟಿಷ್ಟು ಗೊತ್ತಿರುವವರು ಇಪ್ಪತ್ತು ಚದರ ಮೀಟರಿನ ದಿಮ್ಮಿಮನೆಯನ್ನು ಕೈಯಾರೆ ಕಟ್ಟಲು ಸಾಧ್ಯವೇ, ಗೋಡೆ ಎಷ್ಟು ದಪ್ಪವಿರಬೇಕು ಎಂದು ಕೇಳಿದ್ದೀರಿ. ಸಾಧ್ಯವಿದೆ, ಯುವಾಸ್ಕುಲಾ ಊರಿನಿಂದ ಸ್ವಲ್ಪ ಉತ್ತರಕ್ಕೆ, ನೆರೆಯ ಹಿರಿಯರೊಬ್ಬರ ಜೊತೆ ಸೇರಿ ನಾನು ಅಂಥದ್ದೊಂದನ್ನು ಕಟ್ಟಿದ್ದೇನೆ. ಆದರೆ ಗೋಡೆಯ ದಪ್ಪದ ಲೆಕ್ಕಕ್ಕೆ ಮುಂಚೆ ತಿಳಿದಿರಬೇಕಾದ ಸಂಗತಿಯೊಂದಿದೆ. ಈ ಮನೆ ಕಟ್ಟಿದ ಹಾಗೆಯೇ ನಿಲ್ಲುವುದಿಲ್ಲ. ಕೆಳಗಿನ ನೆಲ ಚಳಿಗಾಲದಲ್ಲಿ ಮೇಲಕ್ಕೇಳಲು ನೋಡುತ್ತದೆ, ಮೇಲಿನ ಗೋಡೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತದೆ.

ಮೊದಲು ನೆಲದ ವಿಷಯ. ನಮ್ಮೂರ ಕಡೆ ಗಟ್ಟಿ ಮಣ್ಣು ಸಿಕ್ಕಿತೆಂದರೆ ಪಾಯದ ಚಿಂತೆ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಹಿಮದ ಹೊದಿಕೆಯಿಲ್ಲದ ನೆಲ ಕಡು ಚಳಿಗಾಲದಲ್ಲಿ ಒಂದೂವರೆ ಎರಡು ಮೀಟರಿನಷ್ಟು ಆಳಕ್ಕೂ ಹೆಪ್ಪುಗಟ್ಟಬಹುದು. ಮನೆಯಡಿಗೆ ಹಿಮ ಬೀಳುವುದಿಲ್ಲವಾದ್ದರಿಂದ, ವಾರಾಂತ್ಯಕ್ಕಷ್ಟೇ ಒಲೆ ಹಚ್ಚುವ ಸಣ್ಣ ಮನೆಯ ಕೆಳಗೇ ಚಳಿ ಹೆಚ್ಚು ಆಳಕ್ಕಿಳಿಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆಂದು ಶಾಲೆಯಲ್ಲಿ ಓದಿದ್ದೇವೆ, ಆದರೆ ತೊಂದರೆಯ ಮೂಲ ಅಷ್ಟೇ ಅಲ್ಲ: ನುಣುಪಾದ ಮೆಕ್ಕಲು ಮಣ್ಣು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಆಳದ ನೀರನ್ನು ಮೇಲಕ್ಕೆ ಹೀರಿ, ಹೆಪ್ಪುಗಟ್ಟುವ ಗೆರೆಯಲ್ಲಿ ಮಂಜಿನ ಪದರದ ಮೇಲೆ ಪದರ ಬೆಳೆಸುತ್ತಾ ಹೋಗುತ್ತದೆ. ಹಾಗೆ ಬೆಳೆದ ಪದರ ಕಾಂಕ್ರೀಟು ಕಂಬವನ್ನೂ ಎತ್ತಿಬಿಡುತ್ತದೆ. ಆದ್ದರಿಂದ ನಾವು ಆ ಮಣ್ಣನ್ನು ತೆಗೆದು, ನೀರು ಹೀರದ ದಪ್ಪ ಜಲ್ಲಿ ತುಂಬಿ, ಅದರ ಮೇಲೆ ಗಿಡ್ಡ ಕಂಬಗಳನ್ನು ನಿಲ್ಲಿಸಿ, ಪಾಯದ ಅಡಿಯಲ್ಲೂ ಸುತ್ತಲೂ ಶಾಖ ತಡೆಯುವ ಫೋಮ್ ಹಲಗೆಗಳನ್ನು ಹೊರಕ್ಕೆ ಇಳಿಜಾರಾಗಿ ಹೂತೆವು. ಪರವಾನಗಿಯ ವಿಚಾರವನ್ನು ಸ್ಥಳೀಯ ಪುರಸಭೆಯಲ್ಲಿ ಮೊದಲೇ ಕೇಳಿಕೊಳ್ಳಿ. ಸರೋವರದ ದಂಡೆಯಾದರೆ ನಿಯಮ ಇನ್ನೂ ಬಿಗಿ.

ಪೈನ್ ಮರವನ್ನು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಡಿಯಬೇಕು. ಆಗ ಹುಳುವಿನ ಕಾಟವಿಲ್ಲ, ಬೂಸ್ಟು ಹಿಡಿಯುವುದಿಲ್ಲ, ಹಿಮದ ಮೇಲೆ ದಿಮ್ಮಿಗಳನ್ನು ಜಾರಿಸಿ ತರಬಹುದು. ಕಾಲು ಮೀಟರು ವ್ಯಾಸದ, ಆರು ಮೀಟರು ಉದ್ದದ ಹಸಿ ದಿಮ್ಮಿ ಸುಮಾರು 250 ಕಿಲೋ ತೂಗುತ್ತದೆ. ನಿಮ್ಮ ಅಳತೆಯ ಮನೆಗೆ ಅಂಥವು ಐವತ್ತಕ್ಕೂ ಹೆಚ್ಚು ಬೇಕಾಗುತ್ತವೆ.

ನಿಜವಾದ ಕೌಶಲವಿರುವುದು ದಿಮ್ಮಿಗಳನ್ನು ಕೂಡಿಸುವುದರಲ್ಲಿ. ಒಂದರ ಬುಡದ ಮೇಲೆ ಇನ್ನೊಂದರ ತುದಿ ಬರುವಂತೆ ಅದಲುಬದಲಾಗಿ ಇಟ್ಟುಕೊಂಡು, ಮೇಲಿನ ದಿಮ್ಮಿಯನ್ನು ತಾತ್ಕಾಲಿಕವಾಗಿ ಕೂರಿಸಿ, ಕೈವಾರದಂಥ ಎರಡು ಮೊನೆಯ ಕಬ್ಬಿಣದ ಸಾಧನವನ್ನು ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯಬೇಕು. ಕೆಳಮೊನೆ ಅಡಿಯ ದಿಮ್ಮಿಯ ಉಬ್ಬುತಗ್ಗನ್ನು ಸವರಿಕೊಂಡು ಹೋದಂತೆ ಮೇಲ್ಮೊನೆ ಅದೇ ಗೆರೆಯನ್ನು ಮೇಲಿನ ದಿಮ್ಮಿಯಲ್ಲಿ ಗೀರುತ್ತದೆ. ಕೈ ಸ್ವಲ್ಪ ವಾಲಿದರೂ ಗೆರೆ ಸುಳ್ಳಾಗುತ್ತದೆ. ಆಮೇಲೆ ದಿಮ್ಮಿಯನ್ನು ಹೊರಳಿಸಿ, ಎರಡು ಗೆರೆಗಳ ನಡುವೆ ತೋಡು ಕೆತ್ತಿ, ಪಾಚಿ ತುಂಬಿ ಮತ್ತೆ ಕೂರಿಸಬೇಕು. ಇಲ್ಲಿನ ಕಾಡಿನ ಆ ಪಾಚಿಯ ಹೆಸರೇ ಫಿನ್ನಿಶ್ ಭಾಷೆಯಲ್ಲಿ 'ಗೋಡೆಪಾಚಿ'! ಮೂಲೆಯ ಕಚ್ಚುಗಳಲ್ಲಿ ಹಲವು ಬಗೆಗಳಿವೆ. ಹೊರಗೆ ಚಾಚದೆ ಮುಗಿಯುವ ಒಂದನ್ನು ಸಾಲ್ಮನ್ ಮೀನಿನ ಬಾಲವೆಂದು ಕರೆಯುತ್ತಾರೆ. ಹತ್ತಿರದ ಪೆಟಾಯಾವೆಸಿಯಲ್ಲಿ 1763ರಿಂದ 1765ರವರೆಗೆ ದಿಮ್ಮಿಗಳಿಂದಲೇ ಕಟ್ಟಿದ ಹಳೆಯ ಚರ್ಚ್ ಇದೆ, 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೊಡಲಿ ಹಿಡಿಯುವ ಮೊದಲು ಒಮ್ಮೆ ಹೋಗಿ ನೋಡಿಬನ್ನಿ.

ಇನ್ನು ಗೋಡೆ ಇಳಿಯುವ ವಿಷಯ. ನಾನು ಎಡವಿದ್ದು ಇಲ್ಲಿಯೇ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುವುದು ಬಹಳ. ದಿಮ್ಮಿಗಳು ಅಡ್ಡಲಾಗಿ ಮಲಗಿರುವುದರಿಂದ, 2.4 ಮೀಟರು ಎತ್ತರದ ಹಸಿ ಗೋಡೆ ಕೆಲವು ವರ್ಷಗಳಲ್ಲಿ ಹತ್ತು ಸೆಂಟಿಮೀಟರಿನವರೆಗೂ ಇಳಿಯಬಹುದು. ಹಾಗಾಗಿ ಬಾಗಿಲು, ಕಿಟಕಿಗಳ ಚೌಕಟ್ಟಿನ ಮೇಲೆ ಅಷ್ಟು ಜಾಗ ಬಿಟ್ಟು ಉಣ್ಣೆ ತುರುಕಿ, ಪಟ್ಟಿಯಿಂದ ಮುಚ್ಚುತ್ತಾರೆ. ನಾನು ಜಾಗವನ್ನೇನೋ ಬಿಟ್ಟಿದ್ದೆ, ಆದರೆ ಮುಚ್ಚುವ ಪಟ್ಟಿಯನ್ನು ಮೇಲಿನ ದಿಮ್ಮಿಗೂ ಕೆಳಗಿನ ಚೌಕಟ್ಟಿಗೂ ಸೇರಿಸಿ ಮೊಳೆ ಹೊಡೆದುಬಿಟ್ಟೆ. ಎರಡನೆಯ ಚಳಿಗಾಲ ಬಾಗಿಲ ಪಕ್ಕದಲ್ಲಿಟ್ಟ ಮೇಣದ ಬತ್ತಿಯ ಜ್ವಾಲೆ ಒಂದೇ ಕಡೆಗೆ ವಾಲತೊಡಗಿತು. ಮೇಲಿನ ದಿಮ್ಮಿಗಳು ಇಳಿಯಲಾರದೆ ಆ ಪಟ್ಟಿಗೆ ಜೋತುಬಿದ್ದಿದ್ದವು, ಅವುಗಳ ಕೆಳಗಿನ ಸಂದು ಬಾಯಿಬಿಟ್ಟಿತ್ತು. ಹಿರಿಯರು ಬಂದು ನೋಡಿ, ಏನೂ ಮಾತಾಡದೆ ಕೆಳಸಾಲಿನ ಮೊಳೆಗಳನ್ನು ಮಾತ್ರ ಕಿತ್ತರು. ಗೋಡೆ ಕಿರ್ರೆಂದು ಒಂದು ಬೆರಳಿನಷ್ಟು ಇಳಿದು ಕೂತಿತು. ಮಳೆಗಾಲಕ್ಕೆ ಬಾಗಿಲು ಬಿಗಿಯಾಗುವ ಮಲೆನಾಡಿನ ಮನೆಯಲ್ಲಿ ಬೆಳೆದ ನನಗೆ ಮರ ಆಡುತ್ತದೆಂಬುದು ಹೊಸದಾಗಿರಲಿಲ್ಲ, ಆದರೆ ಇಡೀ ಮನೆಯೇ ಆಡುತ್ತದೆಂಬುದು ಅಂದು ತಿಳಿಯಿತು. ಇಟ್ಟಿಗೆಯ ಹೊಗೆಗೂಡು ಕುಗ್ಗುವುದಿಲ್ಲ, ಚಾವಣಿ ಗೋಡೆಯ ಜೊತೆ ಕೆಳಗಿಳಿಯುತ್ತದೆ. ಅವೆರಡನ್ನು ಎಲ್ಲಿಯೂ ಒಂದಕ್ಕೊಂದು ಬಿಗಿಯಬೇಡಿ. ನೆಟ್ಟಗೆ ನಿಲ್ಲಿಸಿದ ಜಗಲಿಯ ಕಂಬವೂ ಕುಗ್ಗುವುದಿಲ್ಲವಾದ್ದರಿಂದ ಅದರ ಬುಡದಲ್ಲಿ ತಿರುಗಿಸಿ ತಗ್ಗಿಸುವ ಕಬ್ಬಿಣದ ತಿರುಪು ಇರಲೇಬೇಕು.

ಕೊನೆಗೆ ನೀವು ಕೇಳಿದ ದಪ್ಪ. ಪೈನ್ ಮರ ಶಾಖವನ್ನು ಖನಿಜ ಉಣ್ಣೆಗಿಂತ (ಕಲ್ಲು ಇಲ್ಲವೇ ಗಾಜಿನ ಎಳೆಗಳಿಂದ ಮಾಡಿದ, ಶಾಖ ತಡೆಯುವ ಹೊದಿಕೆ) ಸುಮಾರು ಮೂರು ಪಟ್ಟು ಸುಲಭವಾಗಿ ಬಿಟ್ಟುಕೊಡುತ್ತದೆ, ಅಂದರೆ ಇಪ್ಪತ್ತು ಸೆಂಟಿಮೀಟರಿನ ದಿಮ್ಮಿಗೋಡೆ ಆರೇಳು ಸೆಂಟಿಮೀಟರು ಉಣ್ಣೆಗೆ ಸಮ. ವಾರಾಂತ್ಯದ ಮನೆಗೆ ಅಷ್ಟು ಸಾಕು. ಇನ್ನೂ ದಪ್ಪದ ಮರಕ್ಕೆ ಹಣ ಸುರಿಯುವುದಕ್ಕಿಂತ ನೆಲಹಲಗೆಯ ಕೆಳಗೂ ಚಾವಣಿಯಲ್ಲೂ ಧಾರಾಳವಾಗಿ ಉಣ್ಣೆ ಹಾಕುವುದು ಮೇಲು. ಸೂರನ್ನು ಅರವತ್ತು ಸೆಂಟಿಮೀಟರಾದರೂ ಚಾಚಿ, ಇಲ್ಲವಾದರೆ ಕರಗಿದ ಹಿಮದ ನೀರು ಕೆಳಗಿನ ದಿಮ್ಮಿಗಳನ್ನು ಕೊಳೆಸುತ್ತದೆ.

ನಮಗೆ ಕಡಿಯುವುದರಿಂದ ಚಾವಣಿಯವರೆಗೆ ಫೆಬ್ರವರಿಯಿಂದ ಅಕ್ಟೋಬರ್ ಹಿಡಿಯಿತು, ಬಾಗಿಲು ಕಿಟಕಿಗಳನ್ನು ಮರುವರ್ಷ ಕೂರಿಸಿದೆವು. ಈಗ ಏಳನೆಯ ವರ್ಷ. ಮೊದಲೆರಡು ವರ್ಷ ತಿಂಗಳಿಗೊಮ್ಮೆ ತಿರುಗಿಸುತ್ತಿದ್ದ ಜಗಲಿಯ ತಿರುಪು ಕಳೆದ ವಸಂತದಲ್ಲಿ ಕಾಲು ಸುತ್ತನ್ನೂ ಕೇಳಲಿಲ್ಲ.