ಬಿ.ಪಿ.ಎಡ್ ಆಗಿದೆ. ಸಣ್ಣ ಊರಿನ ಸರ್ಕಾರಿ ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಹೋಗಲಾ, ಬೆಂಗಳೂರಿನ ಖಾಸಗಿ ಶಾಲೆಯಲ್ಲೇ ಇರಲಾ?

ಹೋಗಿ. ಆದರೆ ನೀವು ತಲೆ ಕೆಡಿಸಿಕೊಂಡಿರುವ ವಿಷಯವೇ ಬೇರೆ, ಅಲ್ಲಿ ಎಡವೋದೇ ಬೇರೆ.

‘ಆ ಊರಲ್ಲಿ ಮೈದಾನ ಸರಿಯಿಲ್ಲ, ಕೋಚ್ ಆಗಿ ಬೆಳೆಯೋಕೆ ಆಗುತ್ತಾ’ ಅಂತ ಬರೆದಿದ್ದೀರಿ. 2009ರಲ್ಲಿ ಆರ್ಡರ್ ಕೈಗೆ ಬಂದಾಗ ನನಗೂ ಇದೇ ಚಿಂತೆ. ಸೋದರಮಾವನನ್ನು ಕೇಳಿದೆ. ‘ಸರ್ಕಾರಿ ಕೆಲಸ ಯಾರಾದ್ರೂ ಬಿಡ್ತಾರೇನೋ’ ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಮೈಸೂರು ಜಿಲ್ಲೆಯ ಸಣ್ಣ ಊರು. ಮೈದಾನದ ಅರ್ಧಕ್ಕೆ ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಇನ್ನರ್ಧದಲ್ಲಿ ಎತ್ತಿನಗಾಡಿ ದಾರಿ. ಬಿಸಿಯೂಟದ ಅಡುಗೆಮನೆಗೂ ಕಾಂಪೌಂಡಿಗೂ ನಡುವಿನ ಜಾಗ ಅಳೆದೆ. ಖೋ ಖೋ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಸಾಕು. ಸರಿಯಾಗಿ ಕೂತಿತು. ಎರಡು ನೀಲಗಿರಿ ಕಂಬಗಳನ್ನು ನಮ್ಮೂರ ಬಡಗಿ ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಗೆರೆ ಎಳೆಯೋಕೆ ಸುಣ್ಣದ ಪುಡಿ. ಮೈದಾನದ ಸಮಸ್ಯೆ ಅಷ್ಟೇ.

ಸಮಸ್ಯೆ ಇರೋದು ಟೈಮಿನದು. ಪಿ.ಟಿ. ಮೇಷ್ಟ್ರು ಅಂದರೆ ಎಲ್ಲರಿಗೂ ಸಿಗುವ ಆಳು. ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು. ಗಣಿತದ ಮೇಷ್ಟ್ರು ರಜೆ ಹಾಕಿದರೆ ಆ ಕ್ಲಾಸಿಗೆ ಹೋಗಬೇಕು. ಚುನಾವಣೆ ಡ್ಯೂಟಿ ಇದ್ದೇ ಇದೆ. 2013ರಲ್ಲಿ ಕ್ಷೀರಭಾಗ್ಯ ಶುರುವಾದ ಮೇಲೆ ಲೋಟ ತೊಳೆಸುವುದೂ ನನ್ನ ಪಾಲಿಗೇ ಬಂತು. ಡಿಸೆಂಬರ್ ಬಂದರೆ ‘ಪೋರ್ಷನ್ ಮುಗಿದಿಲ್ಲ, ನಿಮ್ಮ ಪೀರಿಯಡ್ ಕೊಡಿ ಸರ್’. ಆಮೇಲೆ ಹತ್ತನೇ ಕ್ಲಾಸಿನ ಮಕ್ಕಳನ್ನು ನೋಡುವುದು ಪ್ರಾರ್ಥನೆಯಲ್ಲಿ ಮಾತ್ರ. ಹಾಗಾಗಿ ನಿಜವಾದ ಪ್ರಾಕ್ಟೀಸ್ ಸಂಜೆ ಬೆಲ್ ಹೊಡೆದ ಮೇಲೆ. ನನ್ನ ತಪ್ಪು ಆಗಿದ್ದು ಅಲ್ಲೇ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅದೇ 2013, ಸೆಪ್ಟೆಂಬರ್. ಹುಡುಗಿಯರ ತಂಡ. ಹನ್ನೆರಡು ಜನರಲ್ಲಿ ಐವರು ಒಂದೇ ಹಳ್ಳಿಯವರು, ಶಾಲೆಯಿಂದ ಐದು ಕಿಲೋಮೀಟರ್. ಅವರ ಬಸ್ಸು 5:40ಕ್ಕೆ. ಅದು ತಪ್ಪಿದರೆ 7:15ರದ್ದು, ಅದೂ ಬಂದರೆ ಬಂತು. ಸರ್ಕಾರ ಸೈಕಲ್ ಕೊಟ್ಟಿತ್ತಲ್ವಾ ಅಂತೀರಿ. ಕೊಟ್ಟಿತ್ತು. ಅವು ಅಣ್ಣಂದಿರ ಜೊತೆ ಗದ್ದೆಗೆ ಹೋಗುತ್ತಿದ್ದವು.

ದಿನಾ 5:20ಕ್ಕೆ ಸೀಟಿ ಊದಿ ಕಳಿಸುತ್ತಿದ್ದೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಎಂಟು ದಿನ ಇತ್ತು. ಐವರಲ್ಲಿ ಎತ್ತರದ ಹುಡುಗಿಯೊಬ್ಬಳು ಪೋಲ್ ಡೈವ್ ಕಲಿಯುತ್ತಿದ್ದಳು. ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನು ಉದ್ದಕ್ಕೆ ಚೆಲ್ಲಿ ಓಟಗಾರ್ತಿಯನ್ನು ಮುಟ್ಟಬೇಕು. ಮೂರು ವಾರದಿಂದ ಕೈ ಜಾರುತ್ತಿತ್ತು. ಆವತ್ತು 5:18ಕ್ಕೆ ಮೊದಲ ಸಲ ಸರಿಯಾಗಿ ಬಂತು. ‘ಸರ್, ಇನ್ನೊಂದ್ಸಲ’ ಅಂದಳು.

ನಾನು ವಾಚು ನೋಡಿದೆ. ಮರೆತಿದ್ದಲ್ಲ, ನೋಡಿಯೇ ‘ಮಾಡಮ್ಮ’ ಅಂದೆ. ಆ ಬಸ್ಸು ದಿನಾ ಹತ್ತು ನಿಮಿಷ ಲೇಟು, ಇವತ್ತೂ ಲೇಟು ಅಂದುಕೊಂಡೆ. ಹುಡುಗಿಯರು ಹೊರಟಾಗ 5:35. ಬಸ್ಸು ಆ ತಿಂಗಳಲ್ಲಿ ಅದೊಂದೇ ದಿನ ಟೈಮಿಗೆ ಸರಿಯಾಗಿ ಬಂದು ಹೋಗಿತ್ತು.

ಎರಡು ವರ್ಷ ಬಸ್ಸನ್ನೇ ಬೈದುಕೊಂಡು ಓಡಾಡಿದೆ. ಆಮೇಲೆ ಆಟೋ ಮಾಡಿ ಕಳಿಸಬೇಕಿತ್ತು ಅನ್ನಿಸಿತು. ಜೇಬಲ್ಲಿ ದುಡ್ಡಿತ್ತು. ಆದರೆ ನಾನು ಸಾಮಾನು ಒಳಗಿಟ್ಟು, ಸ್ಟೋರ್ ರೂಮಿಗೆ ಬೀಗ ಹಾಕಿ, ಬೈಕ್ ಹತ್ತಿ ಮನೆಗೆ ಹೋಗಿ ಟೀ ಕುಡಿದಿದ್ದೆ. ಬಸ್ ಸ್ಟ್ಯಾಂಡ್ ದಾರಿಯಲ್ಲೇ ಇತ್ತು. ಒಂದು ಸಲ ತಿರುಗಿ ನೋಡಿದ್ದರೆ ಐವರೂ ಕಾಣುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ, ನಾಲ್ಕು ವರ್ಷದಲ್ಲಿ ಒಂದು ಸಲವೂ ಆ ಹಳ್ಳಿಗೆ ನಾನು ಹೋಗಿರಲಿಲ್ಲ. ಅಪ್ಪಂದಿರ ಹತ್ತಿರ ನನ್ನ ಫೋನ್ ನಂಬರ್ ಇಲ್ಲ, ನನ್ನ ಹತ್ತಿರ ಅವರದ್ದಿಲ್ಲ. ಅವರ ಪಾಲಿಗೆ ನಾನು ಹೆಣ್ಣುಮಕ್ಕಳನ್ನು ಕತ್ತಲಾಗುವವರೆಗೆ ಕುಣಿಸುವ ಯಾರೋ ಒಬ್ಬ.

ಹುಡುಗಿಯರು ನಡೆದರು. ಎರಡೂ ಕಡೆ ಆಳೆತ್ತರದ ಕಬ್ಬು, ಒಂದು ಲೈಟ್ ಕಂಬ ಇಲ್ಲ. ಅರ್ಧ ದಾರಿಯಲ್ಲಿ ಅಪ್ಪಂದಿರು ಟಾರ್ಚ್ ಹಿಡಿದು ಎದುರಾದರು.

ಮಾರನೆಯ ದಿನ ಆ ಎತ್ತರದ ಹುಡುಗಿಯ ಅಪ್ಪ ಶಾಲೆಗೆ ಬಂದರು. ಕೂಗಾಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ತಪ್ಪಾಯ್ತು ಅಂದಿದ್ದರೆ ಮುಗಿಯುತ್ತಿತ್ತೇನೋ. ‘ಏನೂ ಆಗಿಲ್ವಲ್ಲ ಯಜಮಾನ್ರೇ’ ಅಂದುಬಿಟ್ಟೆ. ಅವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ‘ಆಗೋಗಂಟ ಕಾಯ್ಬೇಕಾ ಮೇಷ್ಟ್ರೇ?’ ಅಂದರು.

ಐವರೂ ತಂಡ ಬಿಟ್ಟರು. ಎಂಟನೇ ಕ್ಲಾಸಿನ ಮಕ್ಕಳನ್ನು ತುಂಬಿಸಿಕೊಂಡು ತಾಲ್ಲೂಕಿಗೆ ಹೋದೆ. ಖೋ ಹಿಂದಿನಿಂದ ಕೊಡಬೇಕು ಅನ್ನುವುದೂ ಗಾಬರಿಯಲ್ಲಿ ಅವರಿಗೆ ಮರೆತುಹೋಯಿತು. ಫೌಲ್ ಮೇಲೆ ಫೌಲ್. ಮೊದಲ ಪಂದ್ಯದಲ್ಲೇ ಮನೆಗೆ. ಅದು ಹೋಗಲಿ. ಆ ಹಳ್ಳಿಯಿಂದ ಮುಂದಿನ ಮೂರು ವರ್ಷ ಒಬ್ಬ ಹುಡುಗಿಯೂ ಅಂಕಣಕ್ಕೆ ಇಳಿಯಲಿಲ್ಲ. ಎತ್ತರದವಳು ಸಂಜೆ ಬ್ಯಾಗ್ ಹಾಕಿಕೊಂಡು ಕಂಬದ ಪಕ್ಕದಲ್ಲೇ ಹಾದು ಬಸ್ಸಿಗೆ ಹೋಗುತ್ತಿದ್ದಳು. ನಮಸ್ತೆ ಸರ್ ಅನ್ನೋಳು. ಅಷ್ಟೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತಲ್ಲ, ನಮ್ಮ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ನಮ್ಮ ಜಿಲ್ಲೆಯವರೇ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನಗೆ ಕೈ ಕುಲುಕಿದರು, ನಾನೇ ಆಡಿದ ಹಾಗೆ. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆಯೂ ಉರಿಯಿತು.

ಈಗ ನಾನು ಸಂಜೆ ಪ್ರಾಕ್ಟೀಸ್ ಮಾಡಿಸುವುದೇ ಇಲ್ಲ. ಬೆಳಗ್ಗೆ ಕಾಲೇಜು ಮಕ್ಕಳ ಬಸ್ಸಿನಲ್ಲಿ ನಮ್ಮವರೂ ಬರುತ್ತಾರೆ, 8:20ರಿಂದ 9:20. ಎಸ್ಸೆಸ್ಸೆಲ್ಸಿ ವಿಶೇಷ ತರಗತಿಯೂ ಅದೇ ಹೊತ್ತಿಗೆ, ಅದಕ್ಕೆ ಗಣಿತದ ಮೇಷ್ಟ್ರ ಜೊತೆ ದೊಡ್ಡ ಜಗಳವಾಯಿತು. ಡಿಸೆಂಬರ್‌ನಿಂದ ನನ್ನ ಪೀರಿಯಡ್ಡುಗಳೆಲ್ಲ ಅವರಿಗೆ, ಅಲ್ಲಿಯವರೆಗೆ ಬೆಳಗ್ಗೆ ನನ್ನದು. ಜೂನ್‌ನಲ್ಲಿ ತಂಡಕ್ಕೆ ಬರುವ ಪ್ರತಿ ಹುಡುಗಿಯ ಮನೆಗೂ ಹೋಗಿ ಕಾಫಿ ಕುಡಿದು ಬರುತ್ತೇನೆ. ಅಜ್ಜಿ ಇದ್ದರೆ ಅವರನ್ನೇ ಮೊದಲು ಮಾತಾಡಿಸಿ. ತೀರ್ಮಾನ ಅವರದ್ದೇ.

ಇನ್ನು ನಿಮ್ಮ ‘ಕೋಚ್ ಆಗಿ ಬೆಳೆಯೋದು’. ಪಿ.ಟಿ. ಮೇಷ್ಟ್ರ ಕೆಲಸ, ಕೋಚ್ ಕೆಲಸ ಎರಡನ್ನೂ ನೀವು ಒಂದೇ ಅಂದುಕೊಂಡಿದ್ದೀರಿ. ಕೋಚ್ ಆಗಲೇಬೇಕು ಅಂದರೆ ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೊಡುವ ಕೋಚಿಂಗ್ ಡಿಪ್ಲೊಮಾಗೆ ಪ್ರಯತ್ನಿಸಿ. ಅವರದ್ದು ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಬೆಂಗಳೂರಿನ ಶಾಲೆಯ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಅಲ್ಲಿಯ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಗೇಟಿಗೇ ವ್ಯಾನ್ ಬರುತ್ತದೆ. ನೀವಿಲ್ಲದಿದ್ದರೂ ಅವರು ಆಡುತ್ತಾರೆ.

ಡ್ಯೂಟಿಗೆ ಹಾಜರಾಗುವ ಹಿಂದಿನ ದಿನವೇ ಆ ಊರಿಗೆ ಹೋಗಿ. ಮೈದಾನ ಆಮೇಲೆ ನೋಡಿದರಾಯಿತು. ಬಸ್ ಸ್ಟ್ಯಾಂಡಿಗೆ ಹೋಗಿ ಯಾವ ಹಳ್ಳಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ. ಬೋರ್ಡ್ ನಂಬಬೇಡಿ, ಕಂಡಕ್ಟರನ್ನು ಕೇಳಿ.