ಹನ್ನೊಂದು ವರ್ಷ ಪಾಠ ಮಾಡಿದ ಮೇಲೆ ಬೇರೆ ಕೆಲಸಕ್ಕೆ ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಖಾಸಗಿ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ, ವಯಸ್ಸು 37, "ಪಾಠ ಮಾಡೋದು ಬಿಟ್ಟರೆ ನನಗೆ ಬೇರೇನೂ ಬರಲ್ಲ, ಈಗ ಬಿಟ್ಟರೆ ತಪ್ಪಾಗುತ್ತಾ" ಅಂತ ಕೇಳಿದ್ದೀರಿ. ನಾನು ಕೋಲಾರದವಳು. ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ 2011ರಿಂದ 2023ರ ತನಕ ಎಂಟು, ಒಂಬತ್ತು, ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಟ್ಟೆ. ಈಗ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಟ್ರೈನರ್. ಹೊಸದಾಗಿ ಸೇರುವ ಹುಡುಗಿಯರನ್ನು ಲೈನಿಗೆ, ಅಂದರೆ ಸಾಲಾಗಿ ಕೂತು ಜೋಡಣೆ ಮಾಡುವ ಜಾಗಕ್ಕೆ, ಕಳಿಸುವ ಮುಂಚೆ ಆರು ದಿನ ನನ್ನ ಹತ್ತಿರ ಕೂರಿಸುತ್ತಾರೆ. ನನಗೆ ಗೊತ್ತಿರುವುದು ಈ ಒಂದು ದಾರಿ. ಅದನ್ನೇ ಬರೆಯುತ್ತೇನೆ.

ಮೊದಲು ನನಗೆ ಏನು ಸಾಕಾಗಿತ್ತು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಅರ್ಥ ಆಗೋಕೆ ನನಗೇ ಎರಡು ವರ್ಷ ಹಿಡಿಯಿತು. ಪಾಠ ಸಾಕಾಗಿರಲಿಲ್ಲ. ಏಪ್ರಿಲ್ ಬಂದರೆ ಪಾಂಪ್ಲೆಟ್ ಕಟ್ಟು ಕೊಟ್ಟು ಹಳ್ಳಿಗಳಿಗೆ ಅಡ್ಮಿಷನ್ ಕೇಳೋಕೆ ಕಳಿಸುತ್ತಿದ್ದರು. ಇಬ್ಬಿಬ್ಬರು ಟೀಚರ್, ಒಂದು ಸ್ಕೂಟಿ. ಒಂದು ಮನೆ ಜಗಲಿಯಲ್ಲಿ ಒಬ್ಬ ಅಜ್ಜಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದರು. ನಾನು ನಮ್ಮ ಶಾಲೆಯ ರಿಸಲ್ಟ್ ಎಲ್ಲಾ ಹೇಳಿ ಮುಗಿಸಿದ ಮೇಲೆ, "ಪಾಪ, ಮನೆಮನೆ ತಿರುಗ್ತೀಯಲ್ಲಮ್ಮ, ದಿನಕ್ಕೆ ಎಷ್ಟು ಕೊಡ್ತಾರೆ?" ಅಂದರು. ಕುಡಿಯೋಕೆ ನೀರು ಕೊಟ್ಟರು. ನನ್ನ ಸಂಬಳ ಆಗ 16,000. ಅದಕ್ಕೂ ಮುಂಚೆ ಕೊರೋನಾ ಸಮಯದಲ್ಲಿ ಹಲವು ತಿಂಗಳು ಅರ್ಧ ಸಂಬಳ ಕೊಟ್ಟಿದ್ದರು. ಉಳಿದರ್ಧ ಇವತ್ತಿಗೂ ಬಂದಿಲ್ಲ.

ಜೂನ್‌ನಲ್ಲಿ ಕ್ಲಾಸ್ ಶುರುವಾದರೆ ಮಾತ್ರ ಎಲ್ಲಾ ಮರೆತುಹೋಗುತ್ತಿತ್ತು. ಹಾಗಾಗಿ ಮೊದಲು ಬೇರೆ ಶಾಲೆಗೆ ಹೋಗೋಣ ಅಂತ ಎರಡು ಕಡೆ ಇಂಟರ್‌ವ್ಯೂ ಕೊಟ್ಟೆ. ಒಂದು ಕಡೆ ಐನೂರು ಜಾಸ್ತಿ, ಇನ್ನೊಂದು ಕಡೆ ಸಾವಿರ ಜಾಸ್ತಿ. ಎರಡರಲ್ಲೂ ಅದೇ ಪಾಂಪ್ಲೆಟ್. ಸರ್ಕಾರಿ ಕೆಲಸಕ್ಕೂ ಪ್ರಯತ್ನಪಟ್ಟೆ. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆ ಕರೆದಾಗ ನಾನೂ ಪರೀಕ್ಷೆ ಬರೆದೆ. ಲಿಸ್ಟಿನಲ್ಲಿ ಹೆಸರು ಬರಲಿಲ್ಲ. ನಿಮಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಆಗಿಲ್ಲ ಅಂದರೆ ಅದನ್ನೊಂದು ಪಾಸ್ ಮಾಡಿಟ್ಟುಕೊಳ್ಳಿ. ಎಂಟನೇ ಕ್ಲಾಸ್ ತನಕ ಪಾಠ ಮಾಡುವವರಿಗೆ ಅದು ಬೇಕೇ ಬೇಕು ಅಂತ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನೀವು ಈ ಕಡೆ ಬಂದಮೇಲೆ ಮತ್ತೆ ವಾಪಸ್ ಹೋಗಬೇಕು ಅನ್ನಿಸಿದರೆ ಬಾಗಿಲು ತೆರೆದಿರಬೇಕಲ್ಲ.

"ನನಗೆ ಬೇರೇನೂ ಬರಲ್ಲ" ಅಂದಿರಲ್ಲ, ಅಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ ನನಗೆ. ನಾನೂ ಹಾಗೇ ಅಂದುಕೊಂಡು ಬಯೋಡೇಟಾದಲ್ಲಿ "ಹನ್ನೆರಡು ವರ್ಷ ಬೋಧನೆ" ಅಂತ ಒಂದೇ ಸಾಲು ಬರೆದಿದ್ದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಅದನ್ನು ನೋಡಿ ನಕ್ಕ. "ಅಕ್ಕ, ಬೆಳಿಗ್ಗೆಯಿಂದ ಸಂಜೆ ತನಕ ಏನೇನು ಮಾಡ್ತೀಯ ಅದನ್ನ ಬರಿ" ಅಂದ. ಬರೆದೆ. ಲ್ಯಾಬಿನ ಸ್ಟಾಕ್ ರಿಜಿಸ್ಟರ್ ನನ್ನದು. ನಾಲ್ಕು ಸೆಕ್ಷನ್‌ನ ಎಫ್‌ಎ, ಎಸ್‌ಎ ಪರೀಕ್ಷೆಗಳ ಮಾರ್ಕ್ಸ್ ಎಕ್ಸೆಲ್‌ನಲ್ಲಿ ಹಾಕೋದು ನಾನು. ಶಿಕ್ಷಣ ಇಲಾಖೆಯ ಸ್ಯಾಟ್ಸ್ ವೆಬ್‌ಸೈಟಿನಲ್ಲಿ ಮಕ್ಕಳ ಮಾಹಿತಿ ಏರಿಸೋದು, ಅದು ಓಪನ್ ಆಗದಿದ್ದಾಗ ರಾತ್ರಿ ಹನ್ನೊಂದಕ್ಕೆ ಎದ್ದು ಕೂರೋದು ನಾನು. ಯಾರಾದರೂ ರಜೆ ಹಾಕಿದರೆ ಹತ್ತು ನಿಮಿಷದಲ್ಲಿ ಟೈಮ್‌ಟೇಬಲ್ ತಿರುಗಿಸಿ ಹಾಕೋದೂ ನಾನೇ. ಕಾರ್ಖಾನೆಯವರು ಇಂಟರ್‌ವ್ಯೂನಲ್ಲಿ ಇದನ್ನೇ ಕೇಳಿದರು. ಬಿ.ಎಡ್‌ನಲ್ಲಿ ಎಷ್ಟು ಪರ್ಸೆಂಟ್ ಅಂತ ಯಾರೂ ಕೇಳಲಿಲ್ಲ.

ಆದರೆ ನನಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಬಯೋಡೇಟಾದಲ್ಲಿ ಬರೆಯಲಾಗದ ವಿಷಯ. "ಅರ್ಥ ಆಯ್ತಾ?" ಅಂದರೆ ಮಕ್ಕಳೆಲ್ಲಾ "ಆಯ್ತು ಮಿಸ್" ಅನ್ನುತ್ತಾರೆ. ಮೂರನೇ ಬೆಂಚಿನವಳ ಮುಖ ನೋಡಿದರೆ ಸಾಕು, ಆಗಿಲ್ಲ ಅಂತ ನಮಗೆ ಗೊತ್ತಾಗುತ್ತೆ. ಇದು ಎಲ್ಲರಿಗೂ ಬರುತ್ತೆ ಅಂತ ನಾನು ಅಂದುಕೊಂಡಿದ್ದೆ. ಬರಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಲೈನಿನಲ್ಲಿ ಕೂರುವವರು ಮಣಿಕಟ್ಟಿಗೆ ಒಂದು ಪಟ್ಟಿ ಹಾಕಿಕೊಳ್ಳಬೇಕು, ರಿಸ್ಟ್ ಸ್ಟ್ರಾಪ್ ಅನ್ನುತ್ತಾರೆ. ಅದರ ವೈರ್ ಅರ್ಥಿಂಗ್‌ಗೆ ಹೋಗಿರುತ್ತೆ. ಮೈಮೇಲಿನ ಸ್ಥಾಯೀ ವಿದ್ಯುತ್ತು ಸರ್ಕ್ಯೂಟ್ ಬೋರ್ಡಿಗೆ ಹರಿಯದೆ ನೆಲಕ್ಕೆ ಇಳಿಯಲಿ ಅಂತ. ನಾನು ಸೇರಿದಾಗ ಅದನ್ನು ಒಬ್ಬ ಎಂಜಿನಿಯರ್ ಹುಡುಗ ಇಂಗ್ಲಿಷ್ ಸ್ಲೈಡ್ ಹಾಕಿ ಇಪ್ಪತ್ತು ನಿಮಿಷ ಹೇಳುತ್ತಿದ್ದ. ಎಲ್ಲರೂ ತಲೆಯಾಡಿಸುತ್ತಿದ್ದರು. ಲೈನಿಗೆ ಹೋದರೆ ಒಬ್ಬಳು ಸ್ವೆಟರ್ ತೋಳಿನ ಮೇಲೆ ಕಟ್ಟಿಕೊಂಡಿರುತ್ತಿದ್ದಳು, ಇನ್ನೊಬ್ಬಳು ಕೆರೆಯುತ್ತೆ ಅಂತ ಬಳೆಯ ಹಾಗೆ ಸಡಿಲ ಬಿಟ್ಟಿರುತ್ತಿದ್ದಳು. ಪಟ್ಟಿ ಚರ್ಮಕ್ಕೆ ತಾಗದಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ನಾನು ಎಂಟನೇ ಕ್ಲಾಸಿನ ಪಾಠ ಮಾಡಿದೆ. ಪೇಪರ್ ಚೂರು ಹರಿದು ಮೇಜಿನ ಮೇಲೆ ಹಾಕಿ, ಬಾಚಣಿಗೆ ತಲೆಗೆ ಉಜ್ಜಿ ಹಿಡಿ ಅಂದೆ. ಒಂದು ಚೂರೂ ಏಳಲಿಲ್ಲ. ಎಲ್ಲರ ತಲೆಯಲ್ಲೂ ಕೊಬ್ಬರಿ ಎಣ್ಣೆ! ಆಮೇಲೆ ಪ್ಲಾಸ್ಟಿಕ್ ಸ್ಕೇಲನ್ನು ಸ್ವೆಟರ್‌ಗೆ ಉಜ್ಜಿಸಿದೆ. ಡಿಸೆಂಬರ್‌ನ ಒಣ ಹವೆ ಬೇರೆ, ಚೂರುಗಳು ಚಟಪಟ ಅಂತ ಹಾರಿ ಅಂಟಿಕೊಂಡವು. "ಇದು ನಿಮ್ಮ ಮೈಮೇಲೂ ಇದೆ. ನಮಗೆ ಚುಳ್ ಅಂತ ಗೊತ್ತಾಗಬೇಕಾದರೆ ಹತ್ತಿರ ಹತ್ತಿರ 3,000 ವೋಲ್ಟ್ ಬೇಕು. ಕೆಲವು ಚಿಪ್ ಕೆಡೋಕೆ 100 ವೋಲ್ಟೂ ಬೇಡ. ನೀವು ಮುಟ್ಟಿ ಕೆಡಿಸಿದ್ದು ನಿಮಗೇ ಗೊತ್ತಾಗಲ್ಲ" ಅಂದೆ. ಶ್ರೀನಿವಾಸಪುರದ ಕಡೆಯವರಿಗೆ ತೆಲುಗಿನಲ್ಲಿ ಇನ್ನೊಂದು ಸಲ, ಕೆಜಿಎಫ್‌ನವರಿಗೆ ನನ್ನ ಹರಕು ತಮಿಳಿನಲ್ಲಿ ಇನ್ನೊಂದು ಸಲ. ಹೇಳಿ ಬಿಡಲಿಲ್ಲ. ಒಬ್ಬೊಬ್ಬರನ್ನೂ ಎಬ್ಬಿಸಿ, "ಈಗ ನೀನು ನನಗೆ ಹೇಳಿಕೊಡು" ಅಂದೆ. ಮಾರನೇ ದಿನ ಪಟ್ಟಿಗಳು ಸರಿಯಾಗಿ ಕೂತಿದ್ದವು. ಮ್ಯಾನೇಜರ್ ಬಂದು "ಮೇಡಂ, ಇದು ಯಾವ ಟ್ರೈನಿಂಗ್ ಮೆಥಡ್?" ಅಂತ ಕೇಳಿದರು. ನಾನು ಏನೋ ಒಂದು ಹೆಸರು ಹೇಳಿದೆ ಬಿಡಿ.

ಎಲ್ಲಾ ಹೀಗೆ ಚೆನ್ನಾಗೇ ಇದೆ ಅಂತಲ್ಲ. ದಸರಾ ರಜೆ ಇಲ್ಲ, ಬೇಸಿಗೆ ರಜೆ ಇಲ್ಲ. ಮಗಳಿಗೆ ರಜೆ, ನನಗೆ ಶಿಫ್ಟ್. ತಿಂಗಳಲ್ಲಿ ಒಂದು ವಾರ ಬೆಳಿಗ್ಗೆ ಆರಕ್ಕೆ ಒಳಗಿರಬೇಕು, ಐದಕ್ಕೇ ಕಂಪನಿ ಬಸ್ಸಿಗೆ ನಿಲ್ಲಬೇಕು. ನನಗಿಂತ ಹನ್ನೆರಡು ವರ್ಷ ಚಿಕ್ಕವನು ಹೆಸರು ಹಿಡಿದು ಕರೆಯುತ್ತಾನೆ. ದೊಡ್ಡಪೇಟೆಯಲ್ಲಿ ತರಕಾರಿ ತಗೊಳ್ಳುವಾಗ ಯಾರಾದರೂ "ಮಿಸ್, ನಮಸ್ತೆ" ಅಂದರೆ ಈಗಲೂ ಒಂದು ಕ್ಷಣ ಏನೋ ಆಗುತ್ತೆ. ನಮ್ಮತ್ತೆಯಂತೂ "ಬಿ.ಎಡ್ ಓದಿದ್ದು ಫ್ಯಾಕ್ಟರಿಗೆ ಹೋಗೋಕಾ?" ಅಂತ ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಸಂಬಳ 24,000 ಅಂತ ಗೊತ್ತಾದ ಮೇಲೆ ಮಾತಾಡಿದರು.

ಇನ್ನೊಂದು. ಮೊದಲ ವಾರ ನನಗೆ ಸ್ಕ್ರೂ ಗನ್ ಹಿಡಿಯೋಕೆ ಹೇಳಿಕೊಟ್ಟ ಲೈನ್ ಲೀಡರ್ ನನ್ನ ಹಳೇ ವಿದ್ಯಾರ್ಥಿನಿ. ಒಂಬತ್ತನೇ ಕ್ಲಾಸಿನಲ್ಲಿ ಅವಳನ್ನು ನಾನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಅವಳು ಅದನ್ನು ಮರೆತಿಲ್ಲ. "ಮಿಸ್, ನೇರ ಹಿಡೀರಿ, ಓರೆ ಆದ್ರೆ ಸ್ಕ್ರೂ ತಲೆ ಸವೆಯುತ್ತೆ" ಅಂತ ನಾಲ್ಕು ಸಲ ತಾಳ್ಮೆಯಿಂದ ಹೇಳಿದಳು. ನಾನು ಅಷ್ಟು ತಾಳ್ಮೆಯಿಂದ ಅವಳಿಗೆ ಹೇಳಿರಲಿಲ್ಲ.

ಟ್ಯೂಷನ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನ ಜೊತೆಗಿದ್ದ ಗಣಿತದ ಸರ್ ಅದನ್ನೇ ಮಾಡುತ್ತಿದ್ದಾರೆ, ಚೆನ್ನಾಗೇ ಇದೆ. ಆದರೆ ಏಪ್ರಿಲ್, ಮೇ ಎರಡು ತಿಂಗಳು ಕೈ ಖಾಲಿ. ಕನ್ನಡ ಮೇಷ್ಟ್ರು ಒಬ್ಬರು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋಕೆ ಹೋದರು. 2023ರ ಜುಲೈನಲ್ಲಿ ಹದಿನೈದು ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಗ ಸೇರಿದ್ದು. ರೇಟ್ ಬಿದ್ದ ಮೇಲೂ ಅಲ್ಲೇ ಇದ್ದಾರೆ. ವ್ಯಾಕರಣ ತಿದ್ದೋದಕ್ಕಿಂತ ಇದು ಸುಲಭ ಅನ್ನುತ್ತಾರೆ.

ಈಗ ದುಡ್ಡಿನ ವಿಷಯ. ಇಲ್ಲಿ ಮಾತ್ರ ಸಂಕೋಚ ಬೇಡ. ಕೆಲಸ ಬಿಡುವಾಗ ಸೇವೆ ಮಾಡಿದ ವರ್ಷಗಳ ಲೆಕ್ಕದಲ್ಲಿ ಒಟ್ಟಿಗೆ ಕೊಡುವ ಹಣಕ್ಕೆ ಗ್ರಾಚ್ಯುಟಿ ಅನ್ನುತ್ತಾರೆ. ನಾನು ಬಿಡುವಾಗ "ಟೀಚರ್‌ಗಳಿಗೆ ಗ್ರಾಚ್ಯುಟಿ ಇಲ್ಲಮ್ಮ" ಅಂದರು. ಇದೆ. 1972ರ ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಶಿಕ್ಷಕರನ್ನೂ ಸೇರಿಸಿದರು, ಅದೂ 1997ರ ಏಪ್ರಿಲ್ 3ರಿಂದಲೇ ಲೆಕ್ಕ. ಖಾಸಗಿ ಶಾಲೆಯವರು ಕೋರ್ಟಿಗೆ ಹೋದರು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿ ಸರಿಯಾಗಿದೆ ಅಂತ ತೀರ್ಪು ಕೊಟ್ಟಿತು. ಐದು ವರ್ಷ ತುಂಬಿದ್ದರೆ ನೀವೇ ಬಿಟ್ಟರೂ ಕೊಡಬೇಕು. 2023ರಲ್ಲಿ ನಾನು ಬಿಟ್ಟಾಗಿನ ಲೆಕ್ಕ ಇದು: ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ನನ್ನದು 13,000 ಇತ್ತು, ಹನ್ನೆರಡು ವರ್ಷ, ಒಟ್ಟು 90,000. ಬಾಯಲ್ಲಿ ಕೇಳಿದಾಗ ಇಲ್ಲ ಅಂದವರು, ಬರೆದು ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡ ಮೇಲೆ ಎರಡು ಕಂತಿನಲ್ಲಿ ಕೊಟ್ಟರು.

ಪಿಎಫ್ ಪಾಸ್‌ಬುಕ್ ಕೂಡ ಇವತ್ತೇ ತೆಗೆದು ನೋಡಿ. ನಾನು ಸೇರಿದ್ದು 2011ರಲ್ಲಿ, ಅವರು ಪಿಎಫ್ ಕಟ್ಟೋಕೆ ಶುರು ಮಾಡಿದ್ದು 2014ರಲ್ಲಿ. ಪಿಂಚಣಿ ಬರಬೇಕಾದರೆ ಹತ್ತು ವರ್ಷ ಬೇಕು. ನನಗೆ ಒಂಬತ್ತೂ ತುಂಬಿರಲಿಲ್ಲ. ಎಲ್ಲರೂ "ತೆಗೆದುಬಿಡು, ಒಡವೆ ಮಾಡಿಸ್ಕೋ" ಅಂದರು. ನಾನು ತೆಗೆಯದೆ ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ನಂಬರಿನಲ್ಲಿ ಹೊಸ ಕಂಪನಿಗೆ ವರ್ಗ ಮಾಡಿಸಿದೆ. ಹಳೇ ವರ್ಷಗಳು ಕೂಡಿಕೊಂಡು ಈಗ ಹತ್ತು ದಾಟಿದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: 37ಕ್ಕೆ ತಡ ಆಗಿಲ್ಲ. ನಾನು ಬಿಟ್ಟಾಗ 38. ಆದರೆ ಎಚ್‌ಎಂ ಬೈದ ದಿನ ರಾಜೀನಾಮೆ ಬರೆಯಬೇಡಿ. ಹೊಸ ಕೆಲಸದ ಆರ್ಡರ್ ಕೈಗೆ ಬರಲಿ. ಆದರೆ ಹತ್ತನೇ ಕ್ಲಾಸಿನವರನ್ನು ಜನವರಿಯಲ್ಲಿ ಮಧ್ಯದಲ್ಲಿ ಬಿಟ್ಟು ಹೋಗಬೇಡಿ, ಅದು ಆಮೇಲೆ ನಿಮಗೇ ಚುಚ್ಚುತ್ತೆ.

ಮತ್ತೆ, ನಿಮ್ಮ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳು ಶಾಲೆಯ ಬೀರುವಿನಲ್ಲಿ ಇವೆಯಾ? ನನ್ನದು ಇದ್ದವು. ಸೇರುವಾಗ ಇಸ್ಕೊಂಡಿದ್ದರು. ಬಿಡುವ ಸುದ್ದಿ ಯಾರ ಕಿವಿಗೂ ಬೀಳುವ ಮುಂಚೆ ಆಫೀಸ್ ರೂಮಿಗೆ ಹೋಗಿ ವಾಪಸ್ ತಗೊಳ್ಳಿ. ಯಾಕೆ ಅಂತ ಕೇಳಿದರೆ ಬ್ಯಾಂಕ್ ಲೋನಿಗೆ ಅನ್ನಿ. ನಾನೂ ಅದನ್ನೇ ಹೇಳಿದ್ದೆ.